ವ್ಯಾನ್ಸ್ ಏರ್‌ಕ್ರಾಫ್ಟ್

ವ್ಯಾನ್ಸ್ ಏರ್‌ಕ್ರಾಫ್ಟ್: ಅಮೆರಿಕದ ಒರೆಗಾನ್ ರಾಜ್ಯದ ಅರೋರಾದಲ್ಲಿರುವ ಕಿಟ್ ವಿಮಾನ ತಯಾರಿಕಾ ಸಂಸ್ಥೆ. ರಿಚರ್ಡ್ ವ್ಯಾನ್‌ಗ್ರುನ್ಸ್‌ವೆನ್ 1973ರಲ್ಲಿ ಇದನ್ನು ಸ್ಥಾಪಿಸಿದರು. ಅಲ್ಯೂಮಿನಿಯಂ ತಗಡಿನ ಭಾಗಗಳನ್ನು ಕೊಂಡು ಹವ್ಯಾಸಿಗಳೇ ಮನೆಯಲ್ಲಿ ಜೋಡಿಸುವ ಆರ್‌ವಿ ಸರಣಿಯ ವಿಮಾನಗಳು 11,000ಕ್ಕೂ ಹೆಚ್ಚು ಹಾರಿವೆ.

ಆರ್ಥಿಕ ಬಿಕ್ಕಟ್ಟು: ಕೋವಿಡ್ ಕಾಲದಲ್ಲಿ ಬೇಡಿಕೆ ಏರಿತು, ಕಚ್ಚಾವಸ್ತು, ಸಾಗಾಣಿಕೆಯ ವೆಚ್ಚವೂ ಏರಿತು. ಉತ್ಪಾದನೆ ಹೆಚ್ಚಿಸಲು ಕೆಲವು ಭಾಗಗಳನ್ನು ಲೇಸರ್‌ನಿಂದ ಕತ್ತರಿಸಲಾಯಿತು. ರಿವೆಟ್ ತಲೆ ತಗಡಿನ ಮಟ್ಟಕ್ಕೆ ಕೂರಲೆಂದು ರಂಧ್ರದ ಅಂಚನ್ನು ಒತ್ತಿ ತಗ್ಗಿಸುವಾಗ ಈ ಭಾಗಗಳಲ್ಲಿ ಬಿರುಕು ಕಾಣಿಸಿಕೊಂಡಿತು. ಭಾಗಶಃ ಜೋಡಿಸಿ ಮಾರುವ ಕಿಟ್‌ಗಳಲ್ಲಿ ಪ್ರೈಮರ್ (ರಕ್ಷಕ ತಳಬಣ್ಣ) ದೋಷದಿಂದ ಲೋಹ ಸವೆಯುವ ಸಮಸ್ಯೆಯೂ ಸೇರಿತು. ಬದಲಿ ಭಾಗ ಒದಗಿಸುವ ಹೊರೆ ಹೆಚ್ಚಿತು. ಹಳೆಯ ಬೆಲೆಗೆ ಒಪ್ಪಿಕೊಂಡಿದ್ದ ಕಿಟ್‌ಗಳು ನಷ್ಟಕ್ಕೆ ದಾರಿಯಾದವು. 2023ರ ಡಿಸೆಂಬರ್‌ನಲ್ಲಿ ಸಂಸ್ಥೆ ಅಮೆರಿಕದ ದಿವಾಳಿ ಕಾನೂನಿನ 11ನೇ ಅಧ್ಯಾಯದಡಿ ರಕ್ಷಣೆ ಕೋರಿತು. ಈ ಅಧ್ಯಾಯವು ವ್ಯವಹಾರ ನಡೆಸುತ್ತಲೇ ಸಾಲ ಪುನರ್ರಚಿಸಿಕೊಳ್ಳಲು ಅವಕಾಶ ನೀಡುತ್ತದೆ.

ಪುನಶ್ಚೇತನ: ಸ್ಥಾಪಕರು ಸಾಲ ನೀಡಿದರು. ಬಾಕಿಯಿದ್ದ ಆರ್ಡರ್‌ಗಳ ಬೆಲೆಯನ್ನು ಸರಾಸರಿ ಸುಮಾರು ಶೇ 32ರಷ್ಟು ಏರಿಸಿ, ಒಪ್ಪಿಗೆ ಕೇಳಲಾಯಿತು. ಹೆಚ್ಚಿನ ಗ್ರಾಹಕರು ಒಪ್ಪಿದರು. 2024ರಲ್ಲಿ ನ್ಯಾಯಾಲಯ ಪುನರ್ರಚನಾ ಯೋಜನೆಯನ್ನು ಅನುಮೋದಿಸಿತು.

ಭವಿಷ್ಯ: 2022ರಲ್ಲಿ ಪ್ರದರ್ಶಿಸಿದ, ಎತ್ತರದ ರೆಕ್ಕೆಯ ಆರ್‌ವಿ-15 ಮಾದರಿಯ ಮೇಲೆ ಸಂಸ್ಥೆ ಭರವಸೆ ಇಟ್ಟಿದೆ. ಗ್ರಾಹಕರು ನೀಡುವ ಮುಂಗಡ ಹಣದ ಬಳಕೆಯಲ್ಲಿ ಶಿಸ್ತು, ಭಾಗಗಳ ಗುಣಮಟ್ಟ, ಗ್ರಾಹಕರ ವಿಶ್ವಾಸ ಸಂಸ್ಥೆಯ ಉಳಿವನ್ನು ನಿರ್ಧರಿಸುವ ಅಂಶಗಳು.