ಬಾಗಿಲಿಲ್ಲದ ರಕ್ತ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಿರಿಯರ ಮಾತು ಕೇಳುತ್ತ ಬೆಳೆದ ನಮಗೆ ಚಳಿಜ್ವರ ಎಂಬುದು ಬರೀ ಕಾಯಿಲೆಯ ಹೆಸರಲ್ಲ, ಅದೊಂದು ಕಾಲದ ಹೆಸರು. ಮನೆಯೊಳಗಿನ ಉರ್ದುವಿನಲ್ಲಿ ಅದು 'ಜಾಡೆ ಕಾ ಬುಖಾರ್'. ಯಾರ ಮನೆಯಲ್ಲಿ ಎಷ್ಟು ಜನ ಹೋದರೆಂಬ ಲೆಕ್ಕವನ್ನು ಅಜ್ಜಿಯಂದಿರು ಬೆರಳು ಮಡಚಿ ಹೇಳುತ್ತಿದ್ದರು. 1883ರಲ್ಲಿ ಅಚ್ಚಾದ ಕೆನರಾ ಗೆಜೆಟಿಯರಿನಲ್ಲೂ ಘಟ್ಟದ ಮೇಲಿನ ಕಾಡುಸೀಮೆಯ ಜ್ವರದ ಸುದ್ದಿ ಇದೆ. ಸಣ್ಣಗೆ ಹರಿಯುವ ನೀರಿನಲ್ಲಿ ಹುಟ್ಟುವ ಅನಾಫಿಲಿಸ್ ಫ್ಲುವಿಯಾಟಿಲಿಸ್ ಎಂಬ ಸೊಳ್ಳೆಗೆ ಹಳ್ಳಕೊಳ್ಳಗಳ ಈ ನಾಡು ಹೇಳಿ ಮಾಡಿಸಿದ ಜಾಗ.

1946ರಲ್ಲಿ ಆಗಿನ ಮುಂಬೈ ಪ್ರಾಂತದ ಡಾ. ಡಿ.ಕೆ. ವಿಶ್ವನಾಥನ್ ಮತ್ತು ಟಿ. ರಾಮಚಂದ್ರ ರಾವ್ ಅವರು ಕೆನರಾ, ಧಾರವಾಡ ಜಿಲ್ಲೆಗಳ ಮನೆಗೋಡೆಗಳಿಗೆ ಡಿಡಿಟಿ ಹೊಡೆಸಿದರು. ಹಳ್ಳಿಗಾಡಿನ ಮಲೇರಿಯಾವನ್ನು ಹೀಗೆ ಹತೋಟಿಗೆ ತಂದ ನಮ್ಮ ದೇಶದ ಮೊದಮೊದಲ ಪ್ರಯತ್ನಗಳಲ್ಲಿ ಅದೂ ಒಂದು. ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಬಂದದ್ದು ಅದರ ನಂತರ, 1953ರಲ್ಲಿ.

ಈ ಜ್ವರದ ಕಥೆಯ ಜೊತೆಗೇ ಇನ್ನೊಂದು ಮಾತನ್ನೂ ನಾವು ಕೇಳಿದ್ದೇವೆ: "ಸಿದ್ದಿಗಳಿಗೆ ಕಾಡಿನ ಜ್ವರ ತಾಗುವುದಿಲ್ಲ." ಹೇಳುವವರ ದನಿಯಲ್ಲಿ ಮೆಚ್ಚುಗೆ ಇದ್ದಂತೆ ತೋರುತ್ತದೆ. ಆದರೆ ಮೆಚ್ಚುಗೆಯ ಹಿಂದೆ ಏನಿದೆ ಎಂದು ನೋಡಬೇಕಲ್ಲವೇ?

ಯಲ್ಲಾಪುರ, ಶಿರಸಿ, ಹಳಿಯಾಳ, ಅಂಕೋಲಾದ ಕಾಡಂಚಿನಲ್ಲಿ ಬಾಳುತ್ತಿರುವ ಸಿದ್ದಿಗಳ ಹಿರೀಕರು ಆಫ್ರಿಕದವರು. ಪೋರ್ಚುಗೀಸರು ಗುಲಾಮರಾಗಿ ತಂದವರಲ್ಲಿ ಹಲವರು ಗೋವೆಯಿಂದ ತಪ್ಪಿಸಿಕೊಂಡು ಈ ಕಾಡು ಸೇರಿದರೆಂಬುದು ಬಹುಕಾಲದ ನಂಬಿಕೆ. ಇಂದು ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ಕರ್ನಾಟಕ ಮತ್ತು ಗುಜರಾತಿನ ಸಿದ್ದಿಗಳ ವಂಶವಾಹಿಗಳನ್ನು ಪರೀಕ್ಷಿಸಿದ ಹೈದರಾಬಾದಿನ ಸಿಸಿಎಂಬಿ ವಿಜ್ಞಾನಿಗಳು 2011ರಲ್ಲಿ, ಇವರ ಮೂಲ ಬಂಟು ಭಾಷೆಗಳನ್ನಾಡುವ ಆಫ್ರಿಕನ್ನರಲ್ಲಿದೆ, ಇಲ್ಲಿನವರೊಂದಿಗೆ ರಕ್ತ ಬೆರೆತದ್ದು ಸುಮಾರು ಎಂಟು ತಲೆಮಾರುಗಳ ಈಚೆಗೆ ಎಂದು ಹೇಳಿದರು.

ಈಗ ಜ್ವರದ ಮಾತಿಗೆ ಮರಳೋಣ. ಅದರಲ್ಲಿ ಒಂದು ಎಳೆ ಸತ್ಯವಿದೆ. 1950ರಲ್ಲಿ ಲಂಡನ್ನಿನಲ್ಲಿ ಹಿಮೋಫಿಲಿಯಾ ರೋಗಿಯೊಬ್ಬರಿಗೆ ಮೇಲಿಂದ ಮೇಲೆ ರಕ್ತ ಕೊಟ್ಟಾಗ ಅವರ ಮೈಯಲ್ಲಿ ಹೊಸದೊಂದು ಪ್ರತಿಕಾಯ ಕಾಣಿಸಿತು. ಅದು ಎದುರಿಸುತ್ತಿದ್ದದ್ದು ಕೆಂಪು ರಕ್ತಕಣದ ಮೇಲಿನ ಒಂದು ಪ್ರೋಟೀನನ್ನು. ರೋಗಿಯ ಹೆಸರಿನಿಂದಲೇ ಅದಕ್ಕೆ 'ಡಫಿ' ಎಂದು ಹೆಸರಾಯಿತು. ಅಮೆರಿಕದ ಲೂಯಿಸ್ ಮಿಲ್ಲರ್ ಮತ್ತು ಸಂಗಡಿಗರು 1975, 1976ರಲ್ಲಿ ಅದರ ಗುಟ್ಟು ಬಿಡಿಸಿದರು. ವೈವ್ಯಾಕ್ಸ್ ಮಲೇರಿಯಾದ ಪರಾವಲಂಬಿ ರಕ್ತಕಣದೊಳಗೆ ನುಗ್ಗುವುದೇ ಈ ಡಫಿ ಎಂಬ ಬಾಗಿಲಿನಿಂದ. ಸೋಂಕಿನ ಸೊಳ್ಳೆ ಕಚ್ಚಿಸಿಕೊಂಡ 17 ಮಂದಿ ಸ್ವಯಂಸೇವಕರಲ್ಲಿ ಜ್ವರ ಬಾರದೆ ಉಳಿದವರು ರಕ್ತಕಣದ ಮೇಲೆ ಡಫಿ ಇಲ್ಲದ 5 ಮಂದಿ ಮಾತ್ರ, ಅವರೆಲ್ಲ ಕಪ್ಪುಜನ. ಪಶ್ಚಿಮ ಮತ್ತು ಮಧ್ಯ ಆಫ್ರಿಕದ ಬಹುತೇಕರಲ್ಲಿ ಈ ಬಾಗಿಲೇ ಇಲ್ಲ. ವಂಶವಾಹಿಯ ಒಂದೇ ಒಂದು ಅಕ್ಷರ ಬದಲಾಗಿ ಕೆಂಪುಕಣದಲ್ಲಿ ಮಾತ್ರ ಅದು ತಯಾರಾಗುವುದಿಲ್ಲ ಎಂಬುದು 1995ರಲ್ಲಿ ತಿಳಿಯಿತು.

ಹಾಗಾದರೆ ಊರ ಮಾತು ನಿಜವೇ? ಅಲ್ಲ. ಎಂಟು ತಲೆಮಾರಿನ ಬೆರಕೆಯ ನಂತರ ಒಂದೇ ಕೇರಿಯಲ್ಲಿ ಒಬ್ಬರಿಗೆ ಈ ಬಾಗಿಲು ಇರಬಹುದು, ಇನ್ನೊಬ್ಬರಿಗೆ ಇಲ್ಲದಿರಬಹುದು. ಕೂದಲಿನ ಗುಂಗುರು ನೋಡಿ ಅದನ್ನು ಹೇಳಲಾಗದು. ಪ್ರಾಣ ತೆಗೆಯುವುದರಲ್ಲಿ ಮುಂದಿರುವ ಫಾಲ್ಸಿಪಾರಂ ಮಲೇರಿಯಾಕ್ಕೆ ಈ ಬಾಗಿಲು ಬೇಕಾಗಿಯೇ ಇಲ್ಲ. ಬಾಗಿಲಿಲ್ಲದವರಿಗೂ ವೈವ್ಯಾಕ್ಸ್ ಬಂದದ್ದನ್ನು 2010ರಲ್ಲಿ ಮಡಗಾಸ್ಕರಿನಲ್ಲಿ ಕಂಡಿದ್ದಾರೆ.

ಕಪ್ಪುಜನರಿಗೆ ಜ್ವರ ತಾಗದು, ಆದ್ದರಿಂದ ಜೌಗುನೆಲದ ದುಡಿಮೆ ಅವರಿಗೇ ತಕ್ಕದ್ದು ಎಂದು ಅಮೆರಿಕದ ಗುಲಾಮರ ಒಡೆಯರೂ ವಾದಿಸುತ್ತಿದ್ದರು. ಮೆಚ್ಚುಗೆಯ ವೇಷ ತೊಟ್ಟ ಆ ಮಾತು ದುಡಿಸುವವನಿಗೆ ನೆಪವಾಯಿತು. ನಮ್ಮ ಘಟ್ಟದ ಮೇಲೆಯೂ ಅದೇ ಮಾತು ಸೊಳ್ಳೆಪರದೆ ಕೊಡದಿರಲು, ಡಾಕ್ಟರು ಕೇರಿಗೆ ಬಾರದಿರಲು ನೆಪವಾಗಬಾರದು.

ವಿಜ್ಞಾನವಂತೂ ಈ ಬಾಗಿಲಿನ ಬಳಿ ಕಾವಲು ನಿಲ್ಲುವ ಪ್ರಯತ್ನದಲ್ಲಿದೆ. ಬಾಗಿಲು ತೆರೆಯಲು ಪರಾವಲಂಬಿ ಬಳಸುವ ಕೀಲಿಯ ಮುಖ್ಯ ಭಾಗವನ್ನು 1994ರಲ್ಲಿ ಗುರುತಿಸಿದವರು ಚೇತನ್ ಚಿಟ್ನಿಸ್ ಮತ್ತು ಮಿಲ್ಲರ್. ಚಿಟ್ನಿಸ್ ಅವರು ಮುಂದೆ ದೆಹಲಿಯ ಐಸಿಜಿಇಬಿ ಸಂಸ್ಥೆಯಲ್ಲಿ ಆ ಕೀಲಿಯ ವಿರುದ್ಧ ಲಸಿಕೆ ತಯಾರಿಸುವ ಕೆಲಸ ನಡೆಸಿದರು. ಆ ಬಗೆಯ ಲಸಿಕೆಯನ್ನು ಆಕ್ಸ್‌ಫರ್ಡಿನಲ್ಲಿ ಸ್ವಯಂಸೇವಕರಿಗೆ ಕೊಟ್ಟಾಗ ರಕ್ತದಲ್ಲಿ ಪರಾವಲಂಬಿ ಬೆಳೆಯುವ ವೇಗ ಸರಿಸುಮಾರು ಅರ್ಧಕ್ಕೆ ಇಳಿಯಿತೆಂದು 2023ರಲ್ಲಿ ವರದಿಯಾಯಿತು. ಪೂರ್ತಿ ಗೆಲುವಲ್ಲ, ಆದರೂ ಆಸೆ ಹುಟ್ಟಿಸುವ ಫಲ.

ಇನ್ನೊಂದು ಸಂಗತಿ ನಮ್ಮನ್ನು ಇದಕ್ಕಿಂತ ಹೆಚ್ಚು ಕಾಡುತ್ತದೆ. ಕೆಂಪುಕಣದಲ್ಲಿ ಡಫಿ ಇಲ್ಲದ ಆರೋಗ್ಯವಂತರಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿರಕ್ತಕಣಗಳು ಉಳಿದವರಿಗಿಂತ ಕಡಿಮೆ ಇರುತ್ತವೆ. ಅದು ರೋಗವಲ್ಲ, ಅವರ ಮೈಯ ಸಹಜ ಲೆಕ್ಕ. ಆದರೆ ಪ್ರಯೋಗಾಲಯದ ಚೀಟಿಗೆ ಅದು ಗೊತ್ತಿಲ್ಲ. ಒಂದು ಮೈಕ್ರೋಲೀಟರ್ ರಕ್ತದಲ್ಲಿ 1,500ಕ್ಕಿಂತ ಕಡಿಮೆ ಎಂದರೆ ಕೆಂಪುಗೆರೆ. ಯಲ್ಲಾಪುರದ ಕಾಡಿನಿಂದ ಬಸ್ಸು ಹಿಡಿದು ಹುಬ್ಬಳ್ಳಿಗೆ ಹೋದ ತಾಯಿಯೊಬ್ಬಳ ಕೈಗೆ ಅಂಥ ಚೀಟಿ ಬಂದರೆ ಏನಾಗಬಹುದು ಯೋಚಿಸಿ. ಇಲ್ಲದ ಕಾಯಿಲೆಯ ಹುಡುಕಾಟಕ್ಕೆ ಕೂಲಿಯ ದುಡ್ಡು ಕರಗಬಹುದು. ಕ್ಯಾನ್ಸರಿನ ಔಷಧಿಯನ್ನು ಕಡಿಮೆ ಮಾಡಬಹುದು, ತಡಮಾಡಲೂಬಹುದು. ಮನೋರೋಗಕ್ಕೆ ಕೊಡುವ ಕ್ಲೋಜಪಿನ್ ಎಂಬ ಮದ್ದಿನ ವಿಷಯದಲ್ಲಿ ಅಮೆರಿಕದ ಔಷಧ ಆಡಳಿತ 2015ರಲ್ಲಿ ಇಂಥವರಿಗಾಗಿಯೇ ಬೇರೆ ಅಳತೆ ಒಪ್ಪಿತು. ನಮ್ಮ ಆಸ್ಪತ್ರೆಗಳಲ್ಲಿ ಸಿದ್ದಿ ರೋಗಿಯ ಮುಂದೆ ಕುಳಿತ ವೈದ್ಯರೂ ಇದನ್ನು ನೆನಪಿಡಬೇಕು. ಬೇಕಾದದ್ದು ದುಬಾರಿ ಯಂತ್ರವಲ್ಲ. ಡಫಿ ಒಂದು ರಕ್ತದ ಗುಂಪು, ಗುಂಪು ನೋಡುವ ಪರೀಕ್ಷೆಯಿಂದಲೇ ಅದು ತಿಳಿಯುತ್ತದೆ.

ಸಿದ್ದಿಗಳ ರಕ್ತವನ್ನು ಅವರು ಯಾರೆಂದು ತಿಳಿಯಲು ಪಡೆದದ್ದಾಯಿತು. ಇತಿಹಾಸಕ್ಕೆ ಅದರಿಂದ ಲಾಭವಾಯಿತು, ವಿಜ್ಞಾನಕ್ಕೂ ಆಯಿತು. ಆ ತಿಳಿವಳಿಕೆ ರಕ್ತ ಕೊಟ್ಟವರ ಚಿಕಿತ್ಸೆಯ ಚೀಟಿಯವರೆಗೆ ಬಂದು ಮುಟ್ಟಬೇಕು. ಸಾಗರ ದಾಟಿಸಿ ತಂದವರು ಅವರಿಂದ ಪಡೆದೇ ಪಡೆದರು. ಕೊಡುವ ಸರದಿ ಈಗ ನಮ್ಮದು.