ಬೆಳಗಾವಿ ಜಿಲ್ಲೆಯಲ್ಲಿ ಸಿಡುಬಿನ ಲಸಿಕೆ: ಪ್ರತಿರಕ್ಷಾ ಪ್ರಚೋದನೆಯ ಒಂದು ಚಾರಿತ್ರಿಕ ನೋಟ

ದೇಹವನ್ನು ಸೇರಿದ ಪ್ರತಿಯೊಂದು ವಸ್ತುವೂ ಪ್ರತಿರಕ್ಷೆಯನ್ನು ಕೆರಳಿಸುವುದಿಲ್ಲ. ವಸ್ತುವು ದೇಹಕ್ಕೆ ಪರಕೀಯವಾಗಿರಬೇಕು. ಅದರ ಅಣುಗಳು ದೊಡ್ಡವೂ ಸಂಕೀರ್ಣವೂ ಆಗಿರಬೇಕು. ತಕ್ಕ ಪ್ರಮಾಣದಲ್ಲಿ, ತಕ್ಕ ಮಾರ್ಗದಿಂದ ಒಳಸೇರಬೇಕು. ಈ ನಿಯಮಗಳು ಪ್ರಯೋಗಾಲಯದಲ್ಲಿ ರೂಪುಗೊಳ್ಳುವ ಮೊದಲೇ ಸಿಡುಬಿನ ಲಸಿಕೆಯ ಅನುಭವವು ಅವುಗಳ ಸುಳಿವನ್ನು ನೀಡಿತ್ತು. ಗೋಕಾಕ, ಮೂಡಲಗಿ, ಹುಕ್ಕೇರಿಗಳನ್ನೊಳಗೊಂಡ ಬೆಳಗಾವಿ ಜಿಲ್ಲೆಯ ಚರಿತ್ರೆ ಈ ದೃಷ್ಟಿಯಿಂದ ಗಮನಾರ್ಹವಾಗಿದೆ.

ಎಡ್ವರ್ಡ್ ಜೆನ್ನರ್ 1796ರಲ್ಲಿ ಗೋಸಿಡುಬಿನ ರಸದಿಂದ ಸಿಡುಬನ್ನು ತಡೆಯಬಹುದೆಂದು ತೋರಿಸಿದನು. ಎರಡೂ ವೈರಾಣುಗಳ ಪ್ರೋಟೀನುಗಳಲ್ಲಿ ಹೋಲಿಕೆಯಿರುವುದರಿಂದ ಒಂದನ್ನು ಗುರುತಿಸಲು ಕಲಿತ ದೇಹವು ಇನ್ನೊಂದನ್ನೂ ಎದುರಿಸುತ್ತದೆ. ಭಾರತದಲ್ಲಿ 1802ರ ಜೂನ್ 14ರಂದು ಮುಂಬಯಿಯ ಮೂರು ವರ್ಷದ ಬಾಲಕಿ ಆ್ಯನಾ ಡಸ್ಟ್‌ಹಾಲ್‌ಳಲ್ಲಿ ಈ ಲಸಿಕೆ ಮೊದಲು ಫಲಿಸಿತು. ಆರಂಭದಲ್ಲಿ ಒಂದು ಮಗುವಿನ ತೋಳಿನಿಂದ ಇನ್ನೊಂದರ ತೋಳಿಗೆ ರಸವನ್ನು ದಾಟಿಸಲಾಗುತ್ತಿತ್ತು. ಇದರಿಂದ ಬೇರೆ ರೋಗಗಳು ಹರಡುವ ಭೀತಿಯಿದ್ದುದರಿಂದ ಕರುವಿನ ಲಸಿಕಾರಸ ಕ್ರಮೇಣ ಬಳಕೆಗೆ ಬಂದಿತು.

ಮುಂಬಯಿ ಪ್ರಾಂತಕ್ಕೆ ಈ ರಸವನ್ನು ಒದಗಿಸಿದ ಬೆಳಗಾವಿಯ ಲಸಿಕಾ ಸಂಸ್ಥೆಯ ನೆನಪು ಟಿಳಕವಾಡಿಯ 'ವ್ಯಾಕ್ಸಿನ್ ಡಿಪೋ' ಎಂಬ ಹೆಸರಿನಲ್ಲಿ ಇಂದಿಗೂ ಉಳಿದಿದೆ. ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದ ತಂಪು ನೆಲದಲ್ಲಿ ಸಿದ್ಧವಾದ ರಸವು ಘಟಪ್ರಭೆಯ ಬಯಲಿಗೆ ಇಳಿದಾಗ ಬಿಸಿಲೇ ಅದರ ಶತ್ರುವಾಗುತ್ತಿತ್ತು. ಶಾಖದಿಂದ ಪ್ರೋಟೀನುಗಳ ಆಕಾರ ಕೆಡುತ್ತದೆ. ಜೀವ ಕಳೆದುಕೊಂಡ ವೈರಾಣು ಚರ್ಮದಲ್ಲಿ ವೃದ್ಧಿಯಾಗುವುದಿಲ್ಲ. ಗೀರಿದ ಅಲ್ಪ ರಸದಲ್ಲಿ ಪ್ರತಿರಕ್ಷೆಯನ್ನು ಎಚ್ಚರಿಸುವ ಶಕ್ತಿ ಆಗ ಉಳಿಯದು. ಆದುದರಿಂದಲೇ ಲಸಿಕೆ ಹಾಕುವ ಕಾರ್ಯವನ್ನು ಹೆಚ್ಚಾಗಿ ಚಳಿಗಾಲದಲ್ಲಿ ನಡೆಸುತ್ತಿದ್ದರು. ಸುಮಾರು ಒಂದು ವಾರದ ನಂತರ ತೋಳಿನಲ್ಲಿ ಗುಳ್ಳೆ ಎದ್ದಿದೆಯೇ ಎಂದು ಪರೀಕ್ಷಿಸುತ್ತಿದ್ದರು. ಗುಳ್ಳೆಯೇ ಪ್ರತಿರಕ್ಷೆಯ ಸಾಕ್ಷಿ. ಅದು ಏಳದಿದ್ದರೆ ಗೀರಿನ ಗುರುತು ಉಳಿದರೂ ಮಗು ಅರಕ್ಷಿತವೇ. ಹೀಗೆ ಲಸಿಕೆ ಹಾಕಿಸಿಕೊಂಡ ಮಗುವಿಗೂ 'ದೇವಿ' ಬಂದಾಗ ಮೂಡಿದ ಸಂಶಯವನ್ನು ಕೇವಲ ಮೌಢ್ಯವೆಂದು ಬರೆಯುವುದು ಗ್ರಾಮಗಳಿಗೆ ಮಾಡಿದ ಅನ್ಯಾಯವಾಗುತ್ತದೆ.

1956ರಲ್ಲಿ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. 1962ರಲ್ಲಿ ರಾಷ್ಟ್ರೀಯ ಸಿಡುಬು ನಿರ್ಮೂಲನ ಕಾರ್ಯಕ್ರಮ ಪ್ರಾರಂಭವಾಯಿತು. 37 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿಯೂ ಒಂದು ತಿಂಗಳು ಕೆಡದೆ ಉಳಿಯುವ, ಶೈತ್ಯದಲ್ಲಿ ಒಣಗಿಸಿದ ಲಸಿಕೆಯು ಹಳೆಯ ತೊಡಕನ್ನು ಬಗೆಹರಿಸಿತು. ಅದನ್ನು ತಯಾರಿಸಿದ ಭಾರತದ ಕೇಂದ್ರಗಳಲ್ಲಿ ಪಟವಾಡಾಂಗರ್, ಗಿಂಡಿ, ಹೈದರಾಬಾದುಗಳೊಡನೆ ಬೆಳಗಾವಿಯೂ ಒಂದಾಗಿತ್ತು. 1975ರ ಮೇ ತಿಂಗಳ ನಂತರ ದೇಶದಲ್ಲಿ ಸಿಡುಬು ಕಾಣಿಸಲಿಲ್ಲ. 1980ರಲ್ಲಿ ಜಗತ್ತೇ ಅದರಿಂದ ಮುಕ್ತವಾಯಿತೆಂದು ಘೋಷಿಸಲಾಯಿತು. ಈ ಗೆಲುವಿಗೆ ಜನರ ಒಪ್ಪಿಗೆ ಎಷ್ಟು ಅಗತ್ಯವಾಗಿತ್ತೋ, ಕೊನೆಯ ಹಳ್ಳಿಯನ್ನು ಮುಟ್ಟುವವರೆಗೆ ಲಸಿಕೆಯು ತನ್ನ ಸ್ವರೂಪವನ್ನು ಕಾಯ್ದುಕೊಳ್ಳುವುದೂ ಅಷ್ಟೇ ಅಗತ್ಯವಾಗಿತ್ತು.