ಓದುವಾಗ ಹುಟ್ಟುವ ಪುಟ

ಹಳೆಯ ಓಲೆಗಳ ಪಾಠಾಂತರ ಗುರುತಿಸುತ್ತ ಆಯುಷ್ಯ ಕಳೆದವನು ನಾನು. ಲಿಪಿಕಾರರು ಎಷ್ಟೇ ತಿದ್ದಿದ್ದರೂ ಪ್ರತಿ ಕೈಯಲ್ಲಿರುತ್ತಿತ್ತು. ಗಣಕದ ಪರದೆಯ ಪುಟಕ್ಕೆ ಆ ಸ್ಥಿರತೆಯಿಲ್ಲ.

1989ರಲ್ಲಿ ಜಿನೀವಾ ಬಳಿಯ ಸೆರ್ನ್ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ ಜಾಲವನ್ನು ಕಲ್ಪಿಸಿದಾಗ ಪುಟವೆಂಬುದು ಬರೆದಿಟ್ಟ ಪತ್ರದಂತೆ. ಕೇಳಿದರೆ ಇಡಿಯಾಗಿ ಬರುತ್ತಿತ್ತು. 1995ರಲ್ಲಿ ನೆಟ್‌ಸ್ಕೇಪಿನ ಬ್ರೆಂಡನ್ ಐಕ್ ಹತ್ತೇ ದಿನಗಳಲ್ಲಿ ಮೊದಲ ರೂಪ ಕೊಟ್ಟ ಜಾವಾಸ್ಕ್ರಿಪ್ಟ್ ಭಾಷೆ, ಬಂದು ಸೇರಿದ ಪುಟಕ್ಕೂ ಚಲನೆ ತಂದಿತು. 1998ರಲ್ಲಿ, ಪುಟವನ್ನು ಮರವೆಂದು ಭಾವಿಸಿ ಅದರ ಕೊಂಬೆಗಳನ್ನು ಕಡಿಯುವ, ಕಸಿಮಾಡುವ ಕ್ರಮಕ್ಕೆ ಸರ್ವಸಮ್ಮತ ನಿಯಮಗಳಾದವು. 1999ರಲ್ಲಿ ಮೈಕ್ರೋಸಾಫ್ಟಿನ ಐದನೆಯ ಎಕ್ಸ್‌ಪ್ಲೋರರ್, ಪುಟ ಬದಲಿಸದೆಯೇ ಹಿನ್ನೆಲೆಯಲ್ಲಿ ಮಾಹಿತಿ ತರಿಸುವ ಉಪಾಯವನ್ನು ಒದಗಿಸಿತು. 2005ರಲ್ಲಿ ಗೂಗಲಿನ ಭೂಪಟ ಮೌಸಿನೊಡನೆ ಸರಿದಾಗ ಜನ ಬೆರಗಾದರು. ಅದೇ ವರ್ಷ ಜೆಸ್ಸಿ ಜೇಮ್ಸ್ ಗ್ಯಾರೆಟ್ ಈ ವಿಧಾನಕ್ಕೆ ‘ಅಜಾಕ್ಸ್’ ಎಂದು ಹೆಸರಿಟ್ಟರು.

ಈಚೆಗೆ ನಾನೂ ನೆರೆಮನೆಯ ಮಿತ್ರರೂ ಒಂದೇ ಅರ್ಜಿಯನ್ನು ಪರದೆಯ ಮೇಲೆ ತುಂಬಿದೆವು. ಅವರಿಗೆ ಒಂಬತ್ತು ಪ್ರಶ್ನೆ, ನನಗೆ ಹದಿನಾಲ್ಕು! ಕೊಟ್ಟ ಉತ್ತರವೇ ಮುಂದಿನ ಪ್ರಶ್ನೆಯನ್ನು ಹಡೆಯುತ್ತಿತ್ತು. ಬೇಡದ ಪ್ರಶ್ನೆಗಳ ಕಾಟ ತಪ್ಪಿತು, ನಿಜ. ಆದರೆ ಸಹಿಗೆ ಮುನ್ನ ಇಡೀ ಅರ್ಜಿಯನ್ನು ಓದುವ ಅವಕಾಶವೂ ತಪ್ಪಿತಲ್ಲ! ನಾಳೆ ವಿವಾದವೆದ್ದರೆ, ನನ್ನನ್ನು ಏನು ಕೇಳಲಾಗಿತ್ತೆಂದು ತೋರಿಸಲು ಯಾವ ಪ್ರತಿಯಿದೆ?

ಕ್ಷಣದಲ್ಲಿ ಹುಟ್ಟಿ ಕ್ಷಣದಲ್ಲಿ ಅಳಿಯುವ ಪುಟವನ್ನು ಹಳಿದು ಫಲವಿಲ್ಲ. ಆದರೆ ಉತ್ತರಗಳನ್ನಷ್ಟೇ ಕಾಪಿಟ್ಟು, ಪ್ರಶ್ನೆಗಳನ್ನೂ ಅವನ್ನು ಹುಟ್ಟಿಸಿದ ನಿಯಮವನ್ನೂ ಕಳೆದುಕೊಂಡರೆ, ಮುಂದಿನ ಚರಿತ್ರಕಾರನಿಗೆ ನಾವು ಉಳಿಸುವುದು ಮೂಲವಿಲ್ಲದ ಟೀಕೆಯನ್ನು ಮಾತ್ರ.